ಗುಡ್ಡ ಕುಸಿದ ಮೇಲೆ ಕೆಲಸದ ಮಾತು

(ಸಮಾಜಕಾರ್ಯ ವಿದ್ಯಾರ್ಥಿಗಳು ಮತ್ತು ಸ್ವಯಂಸೇವಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರು 2024ರಲ್ಲಿ ಗುಡ್ಡ ಕುಸಿದಾಗ ಕೇರಳದ ವಯನಾಡಿಗೆ ಹೋಗಿ ಬಂದಿದ್ದೀರಿ ಎಂದು ನಿಮ್ಮ ಮೇಷ್ಟ್ರು ಹೇಳಿದರು. ಊಟ ಹಂಚಿದ್ದೀರಿ, ಕಂಬಳಿ ಹೊತ್ತಿದ್ದೀರಿ, ರಾತ್ರಿ ಹೊತ್ತು ಪಟ್ಟಿ ಬರೆದಿದ್ದೀರಿ. ಅದಕ್ಕೆ ನಾನು ಹೊಸದಾಗಿ ಹೇಳುವುದು ಏನೂ ಇಲ್ಲ. ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಅದರ ನಂತರದ ಕಾಲದ ಬಗ್ಗೆ. ಲಾರಿಗಳು ಬರುವುದು ನಿಂತಿರುತ್ತದೆ, ಟಿವಿಯವರು ಹೊರಟು ಹೋಗಿರುತ್ತಾರೆ. ಆಗ ಆ ಮನೆಯವರು ಕೇಳುವುದು ಒಂದೇ: ಇನ್ನು ಮುಂದೆ ದುಡಿಮೆಗೆ ಏನು ಮಾಡೋದು?

ಈ ಪ್ರಶ್ನೆಗೆ ಜೊತೆಯಾಗುವುದೇ ನನ್ನ ಕೆಲಸ. ವೃತ್ತಿ ಮಾರ್ಗದರ್ಶನ ಅಂದ ಕೂಡಲೇ ಪಿಯುಸಿ ಆದ ಮಕ್ಕಳಿಗೆ ಯಾವ ಕೋರ್ಸ್ ಅಂತ ಹೇಳುವುದು ಎಂದು ಜನ ಅಂದುಕೊಳ್ಳುತ್ತಾರೆ. ನಾನು ಜಾಸ್ತಿ ಕೂತಿರುವುದು ನಲವತ್ತು, ಐವತ್ತು ದಾಟಿದವರ ಜೊತೆ. ಒಂದು ರಾತ್ರಿಯಲ್ಲಿ ತೋಟ, ಕೊಟ್ಟಿಗೆ, ಮನೆ ಕಳಕೊಂಡವರ ಜೊತೆ. ನಾನು ಹೇಳುವುದೆಲ್ಲ ಕೊಡಗಿನದು. ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

2018ರ ಆಗಸ್ಟ್ ನೆನಪಿರಬೇಕು. ಜೂನ್‌ನಿಂದಲೇ ಬಿಡದೆ ಮಳೆ. ಆಗಸ್ಟ್ ಮಧ್ಯದ ಮೂರು ನಾಲ್ಕು ದಿನಗಳಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಗುಡ್ಡಗಳು ನೂರಕ್ಕೂ ಹೆಚ್ಚು ಜಾಗದಲ್ಲಿ ಕುಸಿದವು. ಜೋಡುಪಾಲ, ಮದೆನಾಡು, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು. ಸಾವಿರಾರು ಮಂದಿ ಪರಿಹಾರ ಕೇಂದ್ರ ಸೇರಿದರು. ಎಷ್ಟು ಮನೆ ಹೋಯಿತು ಎಂದು ಎಲ್ಲರೂ ಲೆಕ್ಕ ಹಾಕಿದರು. ಎಷ್ಟು ಬಗೆಯ ಕೆಲಸ ಹೋಯಿತು ಅನ್ನುವ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ.

ಸ್ವಲ್ಪ ಯೋಚಿಸಿ. ಎರಡು ಎಕರೆ ಕಾಫಿ ಇದ್ದವನ ತೋಟದ ಮೇಲ್ಮಣ್ಣೇ ಕೊಚ್ಚಿ ಹೋಯಿತು. ಅಲ್ಲಿ ಗಿಡ ನೆಟ್ಟರೂ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಅದೂ ಮಣ್ಣು ಇದ್ದರೆ. ಅವನ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಲೈನ್ ಮನೆಯವರಿಗೆ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ ಇರುವವರಿಗೆ, ಕಳಕೊಳ್ಳಲು ಜಮೀನೇ ಇರಲಿಲ್ಲ. ಹಾಗಾಗಿ ನಷ್ಟದ ಅರ್ಜಿಯಲ್ಲಿ ಅವರ ಹೆಸರೂ ಇಲ್ಲ. ಕೂಲಿ ಮಾತ್ರ ಅವತ್ತಿನಿಂದಲೇ ನಿಂತಿತು. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದ ಜೀಪಿನವರಿಗೆ, ಹೋಂಸ್ಟೇ ಅಡುಗೆಯವರಿಗೆ, ಪಾತ್ರೆ ತೊಳೆಯುತ್ತಿದ್ದವರಿಗೆ ಜೀಪು, ಮನೆ ಎಲ್ಲ ನೆಟ್ಟಗಿದ್ದರೂ ಸಂಪಾದನೆ ಇಲ್ಲ. ಜಿಲ್ಲೆಗೆ ಪ್ರವಾಸಿಗರು ಬರುವುದನ್ನೇ ಕೆಲವು ವಾರ ನಿಲ್ಲಿಸಿದ್ದರು. ಗುಡ್ಡ ಕುಸಿದದ್ದು ಒಂದು ಕಡೆ, ಕೆಲಸ ಕುಸಿದದ್ದು ಜಿಲ್ಲೆ ತುಂಬ.

ಜಮೀನು ಹೋದವರಿಗೆ ಪರಿಹಾರ ಸಿಗಲ್ವಾ ಅಂತ ಕೇಳಬಹುದು. ಸಿಗುತ್ತದೆ. ಭೂಕುಸಿತದಲ್ಲಿ ಜಮೀನಿನ ದೊಡ್ಡ ಭಾಗ ಹೋದರೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಆಗ ಇದ್ದ ದರ ಒಂದು ಹೆಕ್ಟೇರಿಗೆ 37,500 ರೂಪಾಯಿ. 2022ರಲ್ಲಿ ಅದು 47,000 ಆಯಿತು. ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಎಕರೆಗೆ ಎಷ್ಟು ಬೀಳುತ್ತದೆ ನೀವೇ ಭಾಗಿಸಿ ನೋಡಿ. ಅದೂ ಸಣ್ಣ, ಅತಿಸಣ್ಣ ರೈತರಿಗೆ, ದಾಖಲೆಯಲ್ಲಿ ಹೆಸರು ಇದ್ದವರಿಗೆ. ಕೊಡಗಿನಲ್ಲಿ ಜಮ್ಮಾ ಜಾಗದ, ಅಂದರೆ ತಲೆಮಾರಿನಿಂದ ಮನೆತನಕ್ಕೆ ಬಂದ ಜಮೀನಿನ ಪಟ್ಟೆ ಅಜ್ಜನ ಹೆಸರಿನಲ್ಲೋ, ದೊಡ್ಡಪ್ಪನ ಹೆಸರಿನಲ್ಲೋ ಇರುವುದು ಮಾಮೂಲು. ದುಡಿದವನು ಬೇರೆ, ಹೆಸರು ಬೇರೆ. ಹಾಗಾಗಿ ಪರಿಹಾರದ ದುಡ್ಡಿನಲ್ಲಿ ಬದುಕು ಕಟ್ಟಿಕೊಳ್ಳಲಿ ಅಂತ ಸುಮ್ನೆ ಕೂರುವ ಹಾಗಿಲ್ಲ. ದುಡಿಮೆ ಬೇಕೇ ಬೇಕು, ಬೇಗ ಬೇಕು.

ಇಲ್ಲಿಯೇ ಅವಸರ ಶುರುವಾಗುತ್ತದೆ. ಯಾರೋ ಒಳ್ಳೆಯ ಮನಸ್ಸಿನಿಂದಲೇ ಫಾರ್ಮ್ ಹಿಡಿದು ಕೇಂದ್ರಕ್ಕೆ ಬರುತ್ತಾರೆ. "ಅಕ್ಕಾ, ನಿಮಗೆ ಯಾವ ಕೆಲಸದಲ್ಲಿ ಆಸಕ್ತಿ? ಟೈಲರಿಂಗ್, ಬ್ಯೂಟಿಷಿಯನ್, ಕಂಪ್ಯೂಟರ್?" ಆ ಅಕ್ಕ ಮೂರು ರಾತ್ರಿಯಿಂದ ನಿದ್ದೆ ಮಾಡಿರುವುದಿಲ್ಲ. ಹಸು ಬದುಕಿದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು ಓದಿದ್ದಕ್ಕೆ ಟಿಕ್ ಹಾಕುತ್ತಾರೆ. ಆಮೇಲೆ ಅದು ವರದಿಯಲ್ಲಿ ಬೇಡಿಕೆ ಆಗುತ್ತದೆ. ಬೇಡಿಕೆ ಹೊಲಿಗೆ ಯಂತ್ರ ಆಗಿ ಬರುತ್ತದೆ. ಯಂತ್ರ ಕೆಲವು ತಿಂಗಳಲ್ಲಿ ಮೂಲೆ ಸೇರುತ್ತದೆ. ಯಾಕೆ ಅಂದರೆ ಅದೇ ಬಡಾವಣೆಯಲ್ಲಿ ಇಪ್ಪತ್ತು ಮನೆಗೆ ಇಪ್ಪತ್ತು ಯಂತ್ರ ಬಂದಿರುತ್ತದೆ. ರವಿಕೆ ಹೊಲಿಸಿಕೊಳ್ಳುವವರು ಯಾರು? ಹೊಲಿಗೆ ಕೆಟ್ಟ ಕೆಲಸ ಅಂತ ನಾನು ಹೇಳುತ್ತಿಲ್ಲ. ಅದನ್ನು ಬೇಕು ಅಂತ ಆರಿಸಿಕೊಂಡು ಚೆನ್ನಾಗಿ ದುಡಿಯುತ್ತಿರುವವರನ್ನು ಕಂಡಿದ್ದೇನೆ. ಆದರೆ ಅವರು ಆರಿಸಿಕೊಂಡವರು.

ನನ್ನ ಮೊದಲ ಪ್ರಶ್ನೆ ಬೇರೆ. "ಹೋದ ವರ್ಷ ಈ ತಿಂಗಳಲ್ಲಿ ಏನು ಮಾಡುತ್ತಿದ್ದಿರಿ?" ಅಷ್ಟೇ. ಆಮೇಲೆ, ಅದರ ಮುಂದಿನ ತಿಂಗಳು? ಅದರ ಮುಂದಿನ ತಿಂಗಳು? ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದುಕೊಂಡು ತುಂಬಿಸುತ್ತಾ ಹೋಗುತ್ತೇನೆ. ಈ ಪ್ರಶ್ನೆಯಲ್ಲಿ ದುರಂತ ಇಲ್ಲ, ಭವಿಷ್ಯವೂ ಇಲ್ಲ. ಗೊತ್ತಿರುವುದನ್ನು ಹೇಳಿದರೆ ಸಾಕು. ತಲೆ ಓಡದವರೂ ಇದಕ್ಕೆ ಉತ್ತರ ಕೊಡುತ್ತಾರೆ.

ಒಬ್ಬರ ಹಾಳೆ ಹೇಗಿತ್ತು ಎಂದು ಹೇಳುತ್ತೇನೆ. ಹೆಸರು, ಊರು ಬೇಡ. ಐವತ್ತರ ಆಸುಪಾಸಿನ ಮನುಷ್ಯ, ಸಣ್ಣ ತೋಟದವರು. "ನನಗೆ ಏನೂ ಬರಲ್ಲ, ತೋಟ ಬಿಟ್ಟು" ಅಂದರು. ಸರಿ, ಮೇ ತಿಂಗಳಲ್ಲಿ ಏನು ಮಾಡ್ತಿದ್ರಿ ಅಂದೆ. "ಮೆಣಸಿಗೆ ಮದ್ದು ಹೊಡೀತಿದ್ದೆ." ಯಾವ ಮದ್ದು? "ಬೋರ್ಡೋ." ಅಂಗಡಿಯಿಂದ ತರ್ತಿದ್ರಾ? ಆಗ ಮೊದಲ ಸಲ ಅವರು ತಲೆ ಎತ್ತಿ ನೋಡಿದರು. ಅಂಗಡಿಯದು ಯಾಕೆ, ನಾನೇ ಮಾಡ್ತೀನಿ ಅಂದರು. ಆಮೇಲೆ ಪೂರ್ತಿ ವಿವರಿಸಿದರು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಆಗುವುದಿಲ್ಲ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು, ಕೋಲಿನಿಂದ ತಿರುವುತ್ತಲೇ ಇರಬೇಕು. ಆದ ಮೇಲೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡಬೇಕು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನೂ ಹಾಕು. ಕತ್ತಿ ಹಾಗೇ ಬಂದರೆ ಮದ್ದು ಸರಿ ಇದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಹೇಳುತ್ತಾ ಹೇಳುತ್ತಾ ಕೈ ತಾನಾಗಿ ತಿರುಗುತ್ತಿತ್ತು, ಕೋಲು ಹಿಡಿದ ಹಾಗೆ.

ಈಗ ನೀವೇ ಹೇಳಿ, ಏನೂ ಬರಲ್ಲ ಅಂದವರಿಗೆ ಎಷ್ಟು ಬರುತ್ತದೆ? ಅಳತೆ ಬರುತ್ತದೆ. ಮದ್ದಿನ ಹದ ಬರುತ್ತದೆ. ಪಂಪು ರಿಪೇರಿ ಬರುತ್ತದೆ. ಒಂಟಿ ಏಣಿ ಹಾಕಿ ನಾಲ್ಕು ಜನರಿಂದ ಮೆಣಸು ಕೊಯ್ಯಿಸುವುದು ಬರುತ್ತದೆ. ಬೋರರ್, ಅಂದರೆ ಕಾಂಡ ಕೊರೆಯುವ ಹುಳು ಹಿಡಿದ ಗಿಡವನ್ನು ಕಣ್ಣಲ್ಲೇ ಗುರುತು ಹಿಡಿಯುವುದು ಬರುತ್ತದೆ. ಇಂಥವರಿಗಾಗಿ ದೊಡ್ಡ ತೋಟದವರು ಹುಡುಕುತ್ತಾ ಇರುತ್ತಾರೆ. ಅವರ ಹಾಳೆಯಿಂದ ನಾವು ಹೊರಗೆ ತೆಗೆದದ್ದು ಮೂರು ಕೆಲಸ. ಮದ್ದು ಹೊಡೆಯುವ ತಂಡ ಕಟ್ಟುವುದು, ನರ್ಸರಿಯಲ್ಲಿ ಗಿಡ ನೋಡಿಕೊಳ್ಳುವುದು, ಕೊಯ್ಲಿನ ಕಾಲಕ್ಕೆ ಕಾಂಟ್ರಾಕ್ಟ್ ಹಿಡಿಯುವುದು. ಯಾವುದಕ್ಕೂ ಹೊಸ ಸರ್ಟಿಫಿಕೇಟ್ ಬೇಕಿರಲಿಲ್ಲ.

ಆದರೆ ಒಂದು ತೊಡಕು ಇತ್ತು, ಅದು ನನಗೆ ತುಂಬಾ ಮುಖ್ಯ. ನಿನ್ನೆವರೆಗೆ ನಾಲ್ಕು ಜನಕ್ಕೆ ಕೂಲಿ ಕೊಡುತ್ತಿದ್ದ ಮನುಷ್ಯ ಇವತ್ತು ಪಕ್ಕದ ತೋಟದಲ್ಲಿ ಕೂಲಿಗೆ ಸಾಲು ನಿಲ್ಲಬೇಕು. ಮದುವೆ ಮನೆಯಲ್ಲಿ ಎದುರು ಬದುರು ಕೂರುತ್ತಿದ್ದವರ ತೋಟದಲ್ಲಿ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. "ಮೈ ಸರಿ ಇಲ್ಲ" ಅನ್ನುತ್ತಾರೆ. "ಮುಂದಿನ ವಾರ ನೋಡೋಣ" ಅನ್ನುತ್ತಾರೆ. ಕೆಲವರು ಕುಡಿತಕ್ಕೆ ಬೀಳುತ್ತಾರೆ. ಹೊರಗಿನವರು ನೋಡಿ, ಪರಿಹಾರ ತಿಂದು ಸೋಮಾರಿ ಆದ ಅನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅವರು ಸೋಮಾರಿ ಆಗಿಲ್ಲ. ಅವರಿಗೆ ಊರಿನಲ್ಲಿ ತಮ್ಮ ಜಾಗ ಯಾವುದು ಅಂತ ಗೊತ್ತಾಗುತ್ತಿಲ್ಲ.

ಇದಕ್ಕೆ ಸಲಹೆ ಕೊಟ್ಟರೆ ಪ್ರಯೋಜನ ಇಲ್ಲ, ಕೆಲಸದ ಆಕಾರ ಬದಲಾಯಿಸಬೇಕು. ದಿನಗೂಲಿ ಬದಲು ಕಾಂಟ್ರಾಕ್ಟ್. ಒಬ್ಬರೇ ಹೋಗುವ ಬದಲು, ಇದೇ ಸ್ಥಿತಿಯಲ್ಲಿರುವ ನಾಲ್ಕು ಜನರ ಜೊತೆ. ಸ್ವಂತ ಊರಿನ ಬದಲು ಮೊದಲ ವರ್ಷ ಸ್ವಲ್ಪ ದೂರದ ಊರು. ಕೈಯ ಕೆಲಸ ಅದೇ, ಬರುವ ದುಡ್ಡೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಮನುಷ್ಯ ಬೆಳಿಗ್ಗೆ ಎದ್ದು ಹೊರಡುತ್ತಾನೆ.

ಇನ್ನು ಮನಸ್ಸಿನ ಮಾತಿಗೆ ಬರುತ್ತೇನೆ. ನಾವು ವೃತ್ತಿ ಮಾರ್ಗದರ್ಶಕರು, ಮನೋವೈದ್ಯರಲ್ಲ. ಆದರೂ ಇದನ್ನು ತಿಳಿಯದೆ ಕೆಲಸದ ಮಾತು ಆಡಲು ಆಗುವುದಿಲ್ಲ. ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ದೊಡ್ಡ ಅನುಭವ ಇದೆ. ಬೆಂಗಳೂರಿನಲ್ಲಿ 1981ರಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಎಷ್ಟೋ ಮಕ್ಕಳು ಹೋದಾಗ ಆ ಮನೆಯವರ ಮನಸ್ಥಿತಿಯನ್ನು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. ಆಮೇಲೆ 1984ರ ಭೋಪಾಲ್ ಅನಿಲ ದುರಂತ, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ. ಅಲ್ಲೆಲ್ಲ ಕಲಿತದ್ದರಲ್ಲಿ ನಿಮಗೆ ಬೇಕಾದದ್ದು ಒಂದು: ಸಾಮಾನ್ಯ ಕಾರ್ಯಕರ್ತರಿಗೂ ಸರಿಯಾದ ತರಬೇತಿ ಕೊಟ್ಟರೆ ಅವರಿಂದ ತುಂಬಾ ಸಹಾಯ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರವೂ ಸರಳ. ನೋಡಿ, ಕೇಳಿಸಿಕೊಳ್ಳಿ, ಬೇಕಾದವರ ಜೊತೆ ಜೋಡಿಸಿ. ಅವತ್ತು ರಾತ್ರಿ ಏನಾಯಿತು ಎಂದು ಒತ್ತಾಯ ಮಾಡಿ ಹೇಳಿಸಬೇಡಿ. ಹಾಗೆ ಹೇಳಿಸಿದರೆ ಮನಸ್ಸು ಹಗುರ ಆಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಕೆಲಸದಲ್ಲಿ ಇದು ಹೇಗೆ ಕಾಣುತ್ತದೆ? ನಿದ್ದೆ ಇಲ್ಲ, ಹಾಗಾಗಿ ಲೆಕ್ಕ ತಪ್ಪುತ್ತದೆ. ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತಾರೆ. ಹೇಳಿದ್ದು ಅರ್ಧ ಗಂಟೆಯಲ್ಲಿ ಮರೆಯುತ್ತದೆ. ತರಬೇತಿಗೆ ಸೇರಿಸಿ, ಮೂರನೇ ದಿನ ಬರಲಿಲ್ಲ ಅಂತ ಹೆಸರು ಹೊಡೆದು ಹಾಕಿದರೆ ಆ ಮನುಷ್ಯ ಇನ್ನೊಮ್ಮೆ ಯಾವ ತರಬೇತಿಗೂ ಬರುವುದಿಲ್ಲ.

ಒಬ್ಬ ಜೀಪ್ ಡ್ರೈವರ್ ಇದ್ದ, ಚಿಕ್ಕ ವಯಸ್ಸು. ಗುಡ್ಡದ ದಾರಿ ಅವನಿಗೆ ಅಂಗೈ ಇದ್ದ ಹಾಗೆ. 2019ರ ಮಳೆ ಶುರುವಾದ ಮೇಲೆ ತಿರುವಿನಲ್ಲಿ ಕಾಲು ನಡುಗಿ ಗಾಡಿ ನಿಲ್ಲಿಸಿಬಿಡುತ್ತಿದ್ದ. ಬಿಸಿಲಿದ್ದರೆ ಏನೂ ಇಲ್ಲ. ಮನೆಯವರು ಧೈರ್ಯ ತಂದುಕೋ ಅನ್ನುತ್ತಿದ್ದರು. ಧೈರ್ಯದ ಮಾತಿನಿಂದ ಕಾಲು ನಿಲ್ಲುವುದಿಲ್ಲ, ಅಲ್ವಾ? ಅವನನ್ನು ಜಿಲ್ಲಾಸ್ಪತ್ರೆಯ ಡಾಕ್ಟರ ಹತ್ತಿರ ಕಳಿಸಿದೆವು. ಆ ಕಡೆ ಚಿಕಿತ್ಸೆ ನಡೆಯುತ್ತಿರುವಾಗ ಈ ಕಡೆ ನಾವು ಹನ್ನೆರಡು ತಿಂಗಳ ಹಾಳೆ ಹಿಡಿದು ಕೂತೆವು. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಡ್ಡ ಬೇಡ. ಕುಶಾಲನಗರದ ಗ್ಯಾರೇಜಿನಲ್ಲಿ ಕೆಲಸ, ಬಯಲಿನಲ್ಲಿ ಸ್ಕೂಲ್ ವ್ಯಾನ್. ಅಕ್ಟೋಬರಿನಿಂದ ಮತ್ತೆ ಜೀಪು. ಕೆಲಸ ಬಿಡಿಸಲಿಲ್ಲ, ಋತುವಿಗೆ ತಕ್ಕ ಹಾಗೆ ಜೋಡಿಸಿದೆವು. ಎಲ್ಲರಿಗೂ ಹೀಗೆ ಸಲೀಸಾಗಿ ಹೊಂದುವುದಿಲ್ಲ, ಗೊತ್ತು. ಆದರೆ ಕೊಡಗಿನಂಥ ಜಾಗದಲ್ಲಿ ಮಳೆಗಾಲದ ನಾಲ್ಕು ತಿಂಗಳನ್ನು ಬೇರೆಯಾಗಿ ಯೋಚಿಸದ ಯಾವ ಯೋಜನೆಯೂ ನಿಲ್ಲುವುದಿಲ್ಲ. ಆಗಸ್ಟ್ 15 ಹತ್ತಿರ ಬಂದರೆ ಎಷ್ಟೋ ಮನೆಗಳಲ್ಲಿ ಊಟ ಸೇರುವುದಿಲ್ಲ. ಆ ವಾರದಲ್ಲಿ ಇಂಟರ್ವ್ಯೂ, ಪರೀಕ್ಷೆ, ಸಾಲದ ಸಹಿ ಏನೂ ಇಟ್ಟುಕೊಳ್ಳಬೇಡಿ.

ತೀರಾ ಕಷ್ಟದಲ್ಲಿದ್ದಾರೆ ಅನ್ನಿಸಿದರೆ, ಬದುಕು ಬೇಡ ಅನ್ನುವ ಮಾತು ಬಂದರೆ, ಕೆಲಸದ ಮಾತು ಅಲ್ಲಿಗೇ ನಿಲ್ಲಿಸಿ. ಒಬ್ಬರನ್ನೇ ಬಿಟ್ಟು ಬರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರಿಂದ ಹಗಲು ರಾತ್ರಿ ನಡೆಯುತ್ತಿದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ಬೇರೆ. ನಾನು ಕಂಡ ಮನೆಗಳಲ್ಲಿ ಮೊದಲು ಹೊರಗೆ ಕಾಲಿಟ್ಟು ದುಡಿಯಲು ಶುರು ಮಾಡಿದ್ದು ಅವರೇ. ಅವರ ಹನ್ನೆರಡು ತಿಂಗಳ ಹಾಳೆ ಯಾವಾಗಲೂ ಗಂಡಸರದಕ್ಕಿಂತ ತುಂಬಿರುತ್ತದೆ. ಆದರೂ "ನಾನು ಮನೇಲೇ ಇದ್ದೆ" ಅನ್ನುತ್ತಾರೆ. ಹೋಂಸ್ಟೇಯಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬರಿಗೆ ದಿನಕ್ಕೆ ಮೂವತ್ತು ಜನಕ್ಕೆ ಅಕ್ಕಿ ರೊಟ್ಟಿ, ಕಡುಬು, ಪಂದಿ ಕರಿ ಮಾಡಿ ಬಡಿಸಿ ಅಭ್ಯಾಸ. ಪ್ರವಾಸಿಗರು ಬರದಿದ್ದರೇನು, ಹಾಸ್ಟೆಲ್ ಹುಡುಗರಿಗೆ ರೊಟ್ಟಿ ಬೇಕು, ಸಣ್ಣ ಹೋಟೆಲಿನವರಿಗೆ ಕಡುಬು ಬೇಕು. ಆಗಿನ ನಿಯಮದಂತೆ ವರ್ಷಕ್ಕೆ 12 ಲಕ್ಷದ ಒಳಗಿನ ವ್ಯಾಪಾರಕ್ಕೆ ಆಹಾರ ಸುರಕ್ಷತೆಯ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ, ಲೈಸೆನ್ಸ್ ಅಂದರೆ ಸಾವಿರಾರು ರೂಪಾಯಿ ಅಂತ ಹೆದರಿ ಕೂತವರು ಇದ್ದಾರೆ. ಇಂಥ ಮಾಹಿತಿ ನಿಮ್ಮ ಚೀಲದಲ್ಲಿ ಇರಲಿ.

ಹೊಸದಾಗಿ ಕಲಿಯಲೇಬೇಕು ಅನ್ನುವವರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ದೇಶದ ತುಂಬ ಇರುವ ಈ ಸಂಸ್ಥೆಗಳಿಗೆ ಮೂಲ ನಮ್ಮ ಉಜಿರೆಯ ರುಡ್‌ಸೆಟ್. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಕೆನರಾ ಬ್ಯಾಂಕ್, ಆಗಿನ ಸಿಂಡಿಕೇಟ್ ಬ್ಯಾಂಕ್ ಸೇರಿ 1982ರಲ್ಲಿ ಶುರು ಮಾಡಿದ್ದು. ಊಟ, ವಸತಿ, ತರಬೇತಿ ಉಚಿತ. ಮುಗಿದ ಮೇಲೆ ಎರಡು ವರ್ಷ ಹಿಂದೆ ಬಿದ್ದು ವಿಚಾರಿಸುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಈ ಎರಡು ವರ್ಷದ ಲೆಕ್ಕ. ಬಡಗಿ, ಕಮ್ಮಾರ, ಗಾರೆ ಕೆಲಸದಂಥ ಕಸುಬು ಇದ್ದು ಸಾಮಾನು ಕಳಕೊಂಡವರಿಗೆ 2023ರಲ್ಲಿ ಬಂದ ವಿಶ್ವಕರ್ಮ ಯೋಜನೆ ಇದೆ. 18 ಕಸುಬುಗಳಿಗೆ ಅನ್ವಯ, ಸಾಮಾನಿಗೆ 15,000 ರೂಪಾಯಿ ತನಕ. ಉಳಿದ ಯೋಜನೆಗಳನ್ನೆಲ್ಲ ಇಲ್ಲಿ ಓದುತ್ತಾ ಕೂರುವುದಿಲ್ಲ.

ಹುಡುಗ ಹುಡುಗಿಯರಿಗೆ ಬೇರೆಯದೇ ಕಷ್ಟ. ಅಂಕಪಟ್ಟಿ ಮಣ್ಣಿನಡಿ ಹೋಗಿರುತ್ತದೆ. ಬೋರ್ಡಿನಿಂದ ನಕಲು ಪ್ರತಿ ತರಿಸಬಹುದು, ಡಿಜಿಲಾಕರಿನಲ್ಲೂ ಹುಡುಕಿ ನೋಡಿ. ಅದಕ್ಕಿಂತ ದೊಡ್ಡದು ಇಂಟರ್ವ್ಯೂ. ಬೆಂಗಳೂರಿನಲ್ಲಿ ಕೂತ ಮನುಷ್ಯ ಊರಿನ ಹೆಸರು ನೋಡಿದ ಕೂಡಲೇ, "ಓ, ಆ ಗುಡ್ಡ ಬಿದ್ದ ಊರಾ? ಏನಾಯ್ತು ಹೇಳಿ" ಅನ್ನುತ್ತಾನೆ. ಹುಡುಗಿಗೆ ಗಂಟಲು ಕಟ್ಟುತ್ತದೆ. ಅಲ್ಲಿಗೆ ಇಂಟರ್ವ್ಯೂ ಮುಗಿಯಿತು. ನಾನು ಅವರಿಗೆ ಮೊದಲೇ ಎರಡು ವಾಕ್ಯ ಅಭ್ಯಾಸ ಮಾಡಿಸುತ್ತೇನೆ. "ಹೌದು ಸರ್, ನಮ್ಮ ಮನೆಗೂ ನಷ್ಟ ಆಯಿತು, ಆ ವರ್ಷ ಓದು ನಿಂತಿತ್ತು. ಈಗ ಕೆಲಸಕ್ಕೆ ಸಿದ್ಧ ಇದ್ದೇನೆ, ಟ್ಯಾಲಿ ಕಲಿತಿದ್ದೇನೆ, ಅದರ ಬಗ್ಗೆ ಕೇಳಿ." ಕನ್ನಡಿ ಮುಂದೆ, ಗೆಳತಿ ಮುಂದೆ, ನನ್ನ ಮುಂದೆ, ದನಿ ನಡುಗದೆ ಬರುವ ತನಕ ಹೇಳಿಸುತ್ತೇನೆ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವಳ ಕೈಯಲ್ಲಿ ಇರಬೇಕು.

ಇನ್ನೊಂದು ವಿಷಯ, ಮನೆ. 2020ರಲ್ಲಿ ಜಂಬೂರು, ಮದೆನಾಡಿನಲ್ಲಿ ಹೊಸ ಮನೆಗಳನ್ನು ಹಂಚಿದರು. ಮನೆ ಸಿಕ್ಕಿದ್ದು ದೊಡ್ಡ ವಿಷಯ, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಸಾಲು ಮನೆಯಲ್ಲಿ ಹಸು ಕಟ್ಟಲು ಜಾಗ ಇಲ್ಲ, ಕೋಳಿ ಬಿಡಲು ಹಿತ್ತಲಿಲ್ಲ. ಉಳಿದ ತೋಟಕ್ಕೆ ಹೋಗಿ ಬರಲು ಬಸ್ಸು ಬೇಕು. ಮನೆ ಎಲ್ಲಿ ಎಂದು ನಿರ್ಧಾರ ಆಗುವಾಗಲೇ ಕೆಲಸ ಎಲ್ಲಿ ಎಂದು ಕೇಳುವವರೊಬ್ಬರು ಆ ಮೀಟಿಂಗಿನಲ್ಲಿ ಇರಬೇಕು. ಮುಂದೆ ನಿಮ್ಮಲ್ಲಿ ಯಾರಾದರೂ ಅಂಥ ಮೀಟಿಂಗಿನಲ್ಲಿ ಕೂತರೆ ದಯವಿಟ್ಟು ಕೇಳಿ. ಬಸ್ಸಿನ ಟೈಮಿಂಗ್ ಕೂಡ ಕೇಳಿ. ಕೇರಳದಲ್ಲಿ ವಯನಾಡಿನ ದುರಂತದ ನಂತರ ಅಲ್ಲಿನ ಮಹಿಳಾ ಸ್ವಸಹಾಯ ಸಂಘಗಳ ಜಾಲ ಕುಟುಂಬಶ್ರೀಯವರು ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಬರೆಯಲು ಹೊರಟರು. ನಮ್ಮಲ್ಲೂ ಸ್ತ್ರೀಶಕ್ತಿ ಸಂಘಗಳಿವೆ, ಮಾಡಬಹುದು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಮೊದಲ ವರ್ಷ ಏನು ಮಾಡಬಾರದು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಉಳಿದ ಜಮೀನು ಮಾರಬಾರದು. ಪರಿಹಾರದ ದುಡ್ಡು ಪೂರ್ತಿ ಒಂದೇ ವ್ಯಾಪಾರಕ್ಕೆ ಸುರಿಯಬಾರದು. ವಾರದ ಕಂತಿನ ಸಾಲ ತೆಗೆಯಬಾರದು. ಯಾರಾದರೂ ನೆಂಟರು ಬಂದು, ಅಂಗಡಿ ಹಾಕೋಣ ದುಡ್ಡು ಕೊಡು ಅಂದರೆ, "ನಮ್ಮ ಸಂಘದ ಮೇಡಂನ ಕೇಳಿ ಹೇಳ್ತೀನಿ" ಅನ್ನಲಿ. ಆ ಮೇಡಂ ನೀವಾಗಿ. ಬೇಡ ಅನ್ನಲು ಅವರಿಗೆ ಒಂದು ನೆಪ ಸಿಗುತ್ತದೆ.

ಎಷ್ಟು ಕಾಲ ಹೋಗಿ ಬರುತ್ತಿರಬೇಕು ಎಂದು ಇನ್ನೊಬ್ಬರು ಕೇಳಿದರು. ಕನಿಷ್ಠ ಎರಡು ಮಳೆಗಾಲ. ಮೊದಲ ಮಳೆಗಾಲದಲ್ಲಿ ಎಲ್ಲರೂ ಹೋಗುತ್ತಾರೆ, ಎರಡನೆಯದಕ್ಕೆ ಯಾರೂ ಇರುವುದಿಲ್ಲ. ಸಾಲದ ಕಂತು ತಪ್ಪುವುದು, ಕೆಲಸ ಬಿಡುವುದು, ಜಗಳ ಹೆಚ್ಚುವುದು ಆಗಲೇ. ನೀವು ಫೈನಲ್ ಇಯರ್‌ನವರು, ಆ ಹೊತ್ತಿಗೆ ಕಾಲೇಜು ಬಿಟ್ಟಿರುತ್ತೀರಿ. ಹಾಗಾಗಿ ಹನ್ನೆರಡು ತಿಂಗಳ ಹಾಳೆಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಮುಂದಿನ ಬ್ಯಾಚಿನವರ ಕೈಗೆ ಕೊಡಿ. ಆ ಮನೆಯವರ ಒಪ್ಪಿಗೆ ಕೇಳಿ ಕೊಡಿ. ಕೊಡುವ ಮೊದಲು ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ, "ಅಣ್ಣಾ, ಇನ್ನು ಮುಂದೆ ಇವರು ಬರ್ತಾರೆ" ಎಂದು ಪರಿಚಯ ಮಾಡಿಸಿ ಬನ್ನಿ.